ಅರ್ಧ ಫೀಸಿನ ಹುಡುಗರು

ಕಳೆದ ತಿಂಗಳು ಊರಿಗೆ ಹೋಗುವಾಗ ವಿಜಯಪುರದ ಬಸ್ ಸ್ಟ್ಯಾಂಡ್ ಎದುರು ಒಂದು ದೊಡ್ಡ ಫ್ಲೆಕ್ಸ್ ನೋಡಿದೆ. ಹತ್ತು-ಹನ್ನೊಂದು ವರ್ಷದ ಹುಡುಗರ ಮುಖಗಳು, ಸಾಲು ಸಾಲಾಗಿ, ನಲವತ್ತಕ್ಕೂ ಜಾಸ್ತಿ. ಪ್ರತಿ ಮುಖದ ಕೆಳಗೆ ಹೆಸರು, ಅಂಕ, ಸೈನಿಕ ಶಾಲೆಯೋ ನವೋದಯವೋ ಅನ್ನುವ ವಿವರ. ನಮ್ಮೂರ ಬಸ್ಸಿಗೆ ಇನ್ನೂ ಹೊತ್ತಿತ್ತು. ಸುಮ್ನೆ ನೋಡುತ್ತ ನಿಂತೆ. ಸ್ವಲ್ಪ ಹೊತ್ತಾದ ಮೇಲೆ ಕಣ್ಣಿಗೆ ಬಿತ್ತು: ಎಲ್ಲ ಹುಡುಗರೂ ಒಂದೇ ಕೋಟು ಹಾಕಿದ್ದಾರೆ. ಒಂದೇ ಬಣ್ಣದ ಕೋಟು ಅಂತಲ್ಲ, ಅದೇ ಕೋಟು. ಎಡಗಡೆ ಕಾಲರಿನ ಹತ್ತಿರ ಬಟ್ಟೆ ಒಂದು ಕಡೆ ಮಡಚಿಕೊಂಡಿದೆ, ಆ ಮಡಿಕೆ ನಲವತ್ತೂ ಜನರಿಗೆ ಅಲ್ಲೇ ಇದೆ. ಸ್ಟುಡಿಯೋದವನು ಒಂದು ಕೋಟು ಇಟ್ಟುಕೊಂಡು ತಲೆ ಬದಲಿಸುತ್ತಾ ಹೋಗಿದ್ದಾನೆ.

ಮೊದಲು ನಗು ಬಂತು. ಬಸ್ ಹತ್ತಿ ಕೂತ ಮೇಲೆ ಅದು ತಲೆಯಿಂದ ಹೋಗಲೇ ಇಲ್ಲ. ಯಾಕೆಂದರೆ 1994ರಲ್ಲಿ ನಾನೂ ಅಂಥ ಒಂದು ತಲೆಯಾಗಿದ್ದೆ. ಆಗ ಫ್ಲೆಕ್ಸ್ ಇರಲಿಲ್ಲ, ನಸುಗೆಂಪು ಕಾಗದದ ಪಾಂಪ್ಲೆಟ್ ಇತ್ತು, ಅಷ್ಟೇ ವ್ಯತ್ಯಾಸ. ಜೊತೆಗೆ ಇನ್ನೊಂದು ಹುಡುಗನ ನೆನಪೂ ಆಯಿತು. ಅವನು ನನ್ನ ಗೆಳೆಯನೇನಲ್ಲ. 1911ರಲ್ಲಿ, ಎಂಟನೇ ವಯಸ್ಸಿಗೆ, ಇಂಗ್ಲೆಂಡಿನ ಒಂದು ಶಾಲೆಗೆ ಅರ್ಧ ಫೀಸಿನಲ್ಲಿ ಸೇರಿದವನು. ಹೆಸರು ಎರಿಕ್ ಬ್ಲೇರ್. ಮುಂದೆ ಜಾರ್ಜ್ ಆರ್ವೆಲ್ ಅನ್ನುವ ಹೆಸರಿನ ದೊಡ್ಡ ಇಂಗ್ಲಿಷ್ ಲೇಖಕನಾದ.

ಸಿದ್ಧತೆಗೆಂದೇ ಒಂದು ಶಾಲೆ

ನಮಗೆ ಪ್ರಿಪರೇಟರಿ ಅಂದರೆ ಎಸ್ಸೆಸ್ಸೆಲ್ಸಿಗೆ ಮುಂಚೆ ಬರುವ ಪರೀಕ್ಷೆ. ಅದರಲ್ಲಿ ಕಡಿಮೆ ಬಂದರೆ ಬೈಗುಳ, ಜಾಸ್ತಿ ಬಂದರೆ 'ಮೈಮರೀಬೇಡ' ಅನ್ನುವ ಬುದ್ಧಿವಾದ. ಇಂಗ್ಲೆಂಡಿನವರಿಗೆ ಪ್ರಿಪರೇಟರಿ ಅಂದರೆ ಇಡೀ ಒಂದು ಶಾಲೆ. ಎಂಟು ವರ್ಷಕ್ಕೆ ಹುಡುಗನನ್ನು ಪೆಟ್ಟಿಗೆ ಸಮೇತ ಬಿಟ್ಟು ಬರುತ್ತಾರೆ. ಹದಿಮೂರಕ್ಕೆ ಅವನು ಈಟನ್, ಹ್ಯಾರೋ, ವೆಲ್ಲಿಂಗ್ಟನ್ ಥರದ ದೊಡ್ಡ ಶಾಲೆಗೆ ಹೋಗಬೇಕು. ನಡುವಿನ ಐದು ವರ್ಷ ಸಿದ್ಧತೆ. ಆ ದೊಡ್ಡ ಶಾಲೆಗಳಿಗೆ ಅವರು 'ಪಬ್ಲಿಕ್ ಸ್ಕೂಲ್' ಅನ್ನುತ್ತಾರೆ, ಪಬ್ಲಿಕ್ಕಿಗೂ ಅವಕ್ಕೂ ಏನೇನೂ ಸಂಬಂಧವಿಲ್ಲದಿದ್ದರೂ. ಈ ಕಲೆಯನ್ನು ಅವರಿಂದ ನಾವೂ ಚೆನ್ನಾಗಿ ಕಲಿತಿದ್ದೇವೆ, ನಮ್ಮ ತಾಲೂಕಿನಲ್ಲೇ ಮೂರು 'ಇಂಟರ್‌ನ್ಯಾಷನಲ್' ಇವೆ.

ಈ ಶಾಲೆಗಳು ಸರ್ಕಾರದವಲ್ಲ, ಚರ್ಚಿನವೂ ಅಲ್ಲ. ಹೆಚ್ಚಿನವು ಒಬ್ಬ ಮನುಷ್ಯ ಅಥವಾ ಒಂದು ಗಂಡ-ಹೆಂಡತಿ ನಡೆಸುತ್ತಿದ್ದ ಸ್ವಂತ ವ್ಯವಹಾರ. ಮನೆಯೇ ಶಾಲೆ, ಶಾಲೆಯೇ ಮನೆ. ಅವರ ಹೆಡ್‌ಮಾಸ್ಟರುಗಳೆಲ್ಲ ಮೊದಲ ಸಲ 1892ರಲ್ಲಿ ಒಟ್ಟು ಸೇರಿದ್ದು ಯಾಕೆ ಗೊತ್ತಾ? ಸಣ್ಣ ಹುಡುಗರ ಕ್ರಿಕೆಟ್ ಚೆಂಡು ಎಷ್ಟು ದೊಡ್ಡದಿರಬೇಕು ಅಂತ ತೀರ್ಮಾನಿಸಲು. ಅಲ್ಲಿಂದ ಅವರ ಸಂಘ ಹುಟ್ಟಿತು. ಪಾಠದ ವಿಷಯಕ್ಕೆ ಬಂದರೆ, ಎಲ್ಲ ದೊಡ್ಡ ಶಾಲೆಗಳಿಗೂ ನಡೆಯುವ ಒಂದು ಸಾಮಾನ್ಯ ಪ್ರವೇಶ ಪರೀಕ್ಷೆ ಶುರುವಾಗಲು 1904 ಬರಬೇಕಾಯಿತು.

ಬ್ಲೇರ್ ಸೇರಿದ ಸೇಂಟ್ ಸಿಪ್ರಿಯನ್ಸ್ ಇಂಥದ್ದೇ ಒಂದು. 1899ರಲ್ಲಿ ವಾನ್ ವಿಲ್ಕ್ಸ್ ಎಂಬ ತರುಣ ಮತ್ತು ಅವನ ಹೆಂಡತಿ ಸಿಸಿಲಿ ಸೇರಿ ಶುರು ಮಾಡಿದರು. ಊರು ಈಸ್ಟ್‌ಬೋರ್ನ್, ಇಂಗ್ಲೆಂಡಿನ ದಕ್ಷಿಣ ದಂಡೆಯಲ್ಲಿದೆ. ಸುಣ್ಣದ ಕಲ್ಲಿನ ಬಿಳಿ ಬಂಡೆಗಳು, ಮರವಿಲ್ಲದ ಹುಲ್ಲು ಗುಡ್ಡಗಳು, ಸಮುದ್ರದ ಗಾಳಿ. ಆ ಗಾಳಿ ಮಕ್ಕಳ ಆರೋಗ್ಯಕ್ಕೆ ಒಳ್ಳೆಯದು ಅಂತ ಹೇಳಿ ಅಲ್ಲಿ ಡಜನ್‌ಗಟ್ಟಲೆ ಪ್ರಿಪರೇಟರಿ ಶಾಲೆಗಳು ಎದ್ದಿದ್ದವು. ಧಾರವಾಡದ ಗಾಳಿಗೆ ವಿದ್ಯೆ ಬರುತ್ತದೆ ಅಂತ ನಮ್ಮ ಕಡೆಯವರು ಹೇಳುವುದಿಲ್ಲವೇ, ಹಾಗೆ. ಮೊದಲು ಒಂದು ಬಾಡಿಗೆ ಮನೆಯಂಥ ಜಾಗ. 1906ರ ಹೊತ್ತಿಗೆ ಸಮ್ಮರ್‌ಡೌನ್ ರಸ್ತೆಯಲ್ಲಿ ಸ್ವಂತ ಕಟ್ಟಡ, ವಿಶಾಲ ಆಟದ ಬಯಲು. ಏಳೇ ವರ್ಷದಲ್ಲಿ ಅಷ್ಟು ಬೆಳೆದರು ಅಂದರೆ ವ್ಯವಹಾರ ಗೊತ್ತಿದ್ದವರೇ ಇರಬೇಕು.

ವ್ಯವಹಾರದ ಗುಟ್ಟು ಇಷ್ಟು. ಶ್ರೀಮಂತರ ಮಕ್ಕಳು ಪೂರ್ತಿ ಫೀಸು ಕೊಡುತ್ತಾರೆ, ಆದರೆ ಅವರು ಈಟನ್ ಸ್ಕಾಲರ್‌ಶಿಪ್ ಗೆಲ್ಲುತ್ತಾರೆ ಅನ್ನುವ ಖಾತ್ರಿ ಇಲ್ಲ. ಸ್ಕಾಲರ್‌ಶಿಪ್ ಗೆದ್ದವರ ಹೆಸರು ಬೋರ್ಡಿನ ಮೇಲೆ ಬರದಿದ್ದರೆ ಮುಂದಿನ ವರ್ಷ ಶ್ರೀಮಂತರ ಮಕ್ಕಳು ಬೇರೆ ಶಾಲೆಗೆ ಹೋಗುತ್ತಾರೆ. ಹಾಗಾಗಿ ವರ್ಷಕ್ಕೆ ಒಬ್ಬಿಬ್ಬರು ಚುರುಕಾದ, ದುಡ್ಡಿಲ್ಲದ ಹುಡುಗರನ್ನು ಅರ್ಧ ಫೀಸಿಗೆ ಸೇರಿಸಿಕೊಳ್ಳುವುದು. ಲ್ಯಾಟಿನ್, ಗ್ರೀಕ್ ಅರೆದು ಕುಡಿಸುವುದು. ಅವರು ಗೆದ್ದರೆ ಬೋರ್ಡಿಗೆ ಹೆಸರು ಬಂತು, ಹಾಕಿದ ದುಡ್ಡು ವಾಪಸ್ ಬಂತು.

ಬ್ಲೇರ್ ಅಂಥ ಹುಡುಗ. ಹುಟ್ಟಿದ್ದು ಬಿಹಾರದ ಮೋತಿಹಾರಿಯಲ್ಲಿ, 1903ರಲ್ಲಿ. ಅಪ್ಪ ಇಲ್ಲಿ ಅಫೀಮು ಇಲಾಖೆಯಲ್ಲಿ ನೌಕರ. ಮರು ವರ್ಷವೇ ತಾಯಿ ಮಗುವನ್ನು ಎತ್ತಿಕೊಂಡು ಇಂಗ್ಲೆಂಡಿಗೆ ಹೋದಳು. ಅಪ್ಪ 1912ರಲ್ಲಿ ನಿವೃತ್ತನಾದಾಗ ಪಿಂಚಣಿ ವರ್ಷಕ್ಕೆ 400 ಪೌಂಡಿಗಿಂತ ಸ್ವಲ್ಪ ಹೆಚ್ಚು. ಶಾಲೆಯ ಪೂರ್ತಿ ಫೀಸು 180 ಪೌಂಡ್. ಲೆಕ್ಕ ಹಾಕಿ ನೋಡಿ. ಮಗ ಪೂರ್ತಿ ಫೀಸಿನಲ್ಲಿ ಓದಿದ್ದರೆ ಪಿಂಚಣಿಯ ಅರ್ಧದ ಹತ್ತಿರ ಅವನಿಗೇ ಹೋಗುತ್ತಿತ್ತು.

1707

ಮೂವತ್ತು ವರ್ಷ ಕಳೆದ ಮೇಲೆ ಆರ್ವೆಲ್ ಈ ಶಾಲೆಯ ಬಗ್ಗೆ ಒಂದು ದೀರ್ಘ ಪ್ರಬಂಧ ಬರೆದ. ನಾನು ಅದನ್ನು ಓದಿದ್ದು ಬೆಂಗಳೂರಿನ ಪೀಜಿಯೊಂದರಲ್ಲಿ, ಇಪ್ಪತ್ತಮೂರು-ಇಪ್ಪತ್ತನಾಲ್ಕರ ವಯಸ್ಸಿನಲ್ಲಿ, ಗೆಳೆಯನ ಕಪಾಟಿನಲ್ಲಿ ಸಿಕ್ಕಿತು ಅಂತ. ಹಾಸಿಗೆ ಒದ್ದೆ ಮಾಡಿದ್ದಕ್ಕೆ ಹೆಡ್‌ಮಾಸ್ಟರ್ ಕುದುರೆ ಚಾಟಿಯಿಂದ ಹೊಡೆದದ್ದು, ಹೊಡೆಯುತ್ತ ಹೊಡೆಯುತ್ತ ಚಾಟಿ ಮುರಿದದ್ದು, ಅದಕ್ಕೂ ಹುಡುಗನೇ ಕಾರಣ ಅಂತ ಬೈದದ್ದು, ಎಲ್ಲ ಅದರಲ್ಲಿದೆ. ಅದನ್ನೆಲ್ಲ ಓದಿ ಅಯ್ಯೋ ಅನ್ನಿಸಿತು, ಆದರೆ ಪುಟ ತಿರುಗಿಸಿದೆ. ನನ್ನನ್ನು ನಿಲ್ಲಿಸಿದ್ದು ಬೇರೆ ಒಂದು ಜಾಗ. ಇತಿಹಾಸದ ಪಾಠದಲ್ಲಿ ಇಸವಿ ಹೇಳಿದ ಕೂಡಲೇ ಹುಡುಗರು ಕೂತಲ್ಲೇ ಕುಪ್ಪಳಿಸಿ ಉತ್ತರ ಕೂಗುತ್ತಿದ್ದರಂತೆ. ಅದರಲ್ಲಿ ಒಂದು ಇಸವಿ 1707. ಉತ್ತರ, ಔರಂಗಜೇಬನ ಸಾವು.

ಈಸ್ಟ್‌ಬೋರ್ನಿನ ಹುಡುಗರು ಔರಂಗಜೇಬ ಸತ್ತ ವರ್ಷ ಕೂಗುತ್ತಿದ್ದರು! ನಾವೂ ಅದನ್ನೇ ಕೂಗುತ್ತಿದ್ದೆವು.

ನಮ್ಮದು ಊರ ಹೊರಗಿನ ಒಂದು ತಗಡಿನ ಶೆಡ್ಡು. ಸೈನಿಕ ಶಾಲೆ, ನವೋದಯದ ಕೋಚಿಂಗ್, ಹಾಸ್ಟೆಲ್ ಸಹಿತ. ಹಗಲು ಅದು ಕ್ಲಾಸು, ರಾತ್ರಿ ಚಾಪೆ ಹಾಸಿದರೆ ಹಾಸ್ಟೆಲ್ಲು. ಬೇಸಿಗೆಯಲ್ಲಿ ಮಧ್ಯಾಹ್ನ ತಗಡು ಕಾದು ಟಕ್ ಟಕ್ ಅನ್ನುತ್ತಿತ್ತು. ಸರ್ ಕೈಯಲ್ಲಿ ಒಂದು ಹಳೇ ಡೈರಿ. ಅದರಲ್ಲಿ ಇಸವಿಗಳು. ಅವರು '1336' ಅಂದರೆ ನಾವು 'ವಿಜಯನಗರ!' '1565' ಅಂದರೆ 'ತಾಳಿಕೋಟಿ!' '1686' ಅಂದರೆ 'ವಿಜಾಪುರದ ಪತನ!' '1707' ಅಂದರೆ 'ಔರಂಗಜೇಬ ಸತ್ತ!' ಈ ಕೊನೆಯದ್ದನ್ನು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವನು ನಾನು. ಸತ್ತ ಅನ್ನುವುದನ್ನು ಎಷ್ಟು ಖುಷಿಯಿಂದ ಎಳೆಯುತ್ತಿದ್ದೆ ಅಂದರೆ ಪಕ್ಕದ ಇಟ್ಟಂಗಿ ಭಟ್ಟಿಯ ಆಳುಗಳು ತಿರುಗಿ ನೋಡುತ್ತಿದ್ದರು.

ತಮಾಷೆ ಏನೆಂದರೆ ಆ ಶೆಡ್ಡಿನ ಬಾಗಿಲಲ್ಲಿ ನಿಂತರೆ ಗೋಳಗುಮ್ಮಟದ ಗುಮ್ಮಟ ಕಾಣುತ್ತಿತ್ತು. ಔರಂಗಜೇಬ ಮುತ್ತಿಗೆ ಹಾಕಿದ ಕೋಟೆ ಗೋಡೆ ಒಂದು ಮೈಲಿಯೂ ಇರಲಿಲ್ಲ. ಮಲಿಕ್-ಎ-ಮೈದಾನ್ ತೋಪು ಯಾವ ಲೋಹದ್ದು ಅಂತ ಬಾಯಿಪಾಠ ಇತ್ತು. ಒಂಬತ್ತು ತಿಂಗಳಲ್ಲಿ ಒಂದು ದಿನವೂ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಲಿಲ್ಲ. ಪರೀಕ್ಷೆಯಲ್ಲಿ ತೋಪು ನೋಡಿದೀಯಾ ಅಂತ ಕೇಳುವುದಿಲ್ಲವಲ್ಲ. ನಾನು ಆ ತೋಪು ಮುಟ್ಟಿ ನೋಡಿದ್ದು ಮದುವೆಯಾದ ಮೇಲೆ, ಹೆಂಡತಿಗೆ ಊರು ತೋರಿಸಲು ಹೋದಾಗ.

ಈ ಒಂದು ವಿಷಯದಲ್ಲಿ ಸೇಂಟ್ ಸಿಪ್ರಿಯನ್ಸ್ ನಮಗಿಂತ ವಾಸಿ. ಅಲ್ಲಿ ಒಬ್ಬ ಮೇಷ್ಟ್ರು ಬೇಸಿಗೆಯಲ್ಲಿ ಹುಡುಗರನ್ನು ಕಟ್ಟಿಕೊಂಡು ಗುಡ್ಡಗಳಿಗೆ ಚಿಟ್ಟೆ ಹಿಡಿಯಲು ಹೋಗುತ್ತಿದ್ದ. ಶಾಲೆಯನ್ನು ಅಷ್ಟು ಬೈದ ಆರ್ವೆಲ್ ಕೂಡ ಆ ದಿನಗಳ ಬಗ್ಗೆ ಬರೆಯುವಾಗ ಮೆತ್ತಗಾಗುತ್ತಾನೆ.

ಮೇಡಂ ಮೆಚ್ಚಿದರೆ

ಸೇಂಟ್ ಸಿಪ್ರಿಯನ್ಸಿನ ನಿಜವಾದ ಯಜಮಾನಿಕೆ ಮಿಸೆಸ್ ವಿಲ್ಕ್ಸ್‌ಳದ್ದು. ಹುಡುಗರು ಎದುರಿಗೆ 'ಮಮ್' ಅನ್ನುತ್ತಿದ್ದರು, ಹಿಂದಿನಿಂದ 'ಫ್ಲಿಪ್'. ಇಂಗ್ಲಿಷು, ಇತಿಹಾಸ ಕಲಿಸುತ್ತಿದ್ದಳು, ಒಳ್ಳೆಯ ಮೇಡಂ ಅಂತಲೇ ಎಲ್ಲರ ಮಾತು. ಆದರೆ ಅವಳ ಮೆಚ್ಚುಗೆ ಹವಾಮಾನದ ಹಾಗೆ. ಇವತ್ತು ನೀನು ಅವಳ ಕಣ್ಮಣಿ, ನಾಳೆ ಯಾಕೆ ಅಂತ ಗೊತ್ತಾಗದೆಯೇ ಕಸ. ಇಡೀ ಶಾಲೆ ಬೆಳಗ್ಗೆ ಎದ್ದು ಅವಳ ಮುಖ ನೋಡುತ್ತಿತ್ತು. ಬ್ಲೇರ್ ಜೊತೆ ಓದಿದ ಸಿರಿಲ್ ಕಾನಲಿ, ಅವನೂ ಮುಂದೆ ದೊಡ್ಡ ವಿಮರ್ಶಕ, 1938ರಲ್ಲಿ ಶಾಲೆಯ ಹೆಸರು ಬದಲಿಸಿ ಈ ಮೆಚ್ಚುಗೆಯ ಆಟವನ್ನೇ ಬರೆದ. ಹ್ಯಾರೋ ಶಾಲೆಯವರು ನಡೆಸುತ್ತಿದ್ದ ಇತಿಹಾಸದ ಸ್ಪರ್ಧೆಯಲ್ಲಿ ಕಾನಲಿ ಮೊದಲು, ಬ್ಲೇರ್ ಎರಡನೆಯವ. ಇಸವಿ ಕೂಗಿದ್ದು ಸುಮ್ನೆ ಹೋಗಲಿಲ್ಲ.

ಬ್ಲೇರ್‌ಗೆ ಹತ್ತು-ಹನ್ನೊಂದು ವರ್ಷವಾದಾಗ, ಓದಿನಲ್ಲಿ ಸ್ವಲ್ಪ ಹಿಂದೆ ಬಿದ್ದ ಅನ್ನಿಸಿದಾಗ, ಹೆಡ್‌ಮಾಸ್ಟರ್ ಕರೆದು ನೀನು ನನ್ನ ದಯೆಯಿಂದ ಇಲ್ಲಿ ಓದುತ್ತಿದ್ದೀಯ ಅನ್ನುವ ಅರ್ಥದ ಮಾತಾಡಿದನಂತೆ. ಅಲ್ಲಿಯವರೆಗೆ ಹುಡುಗನಿಗೆ ಅರ್ಧ ಫೀಸಿನ ವಿಷಯ ಸರಿಯಾಗಿ ಗೊತ್ತಿರಲಿಲ್ಲ. ಆಮೇಲೆ ಎಲ್ಲ ಹೊಳೆಯತೊಡಗಿತು. ಬೇರೆ ಹುಡುಗರ ಹುಟ್ಟುಹಬ್ಬಕ್ಕೆ ಕೇಕ್ ಬರುತ್ತದೆ, ನನಗೆ ಯಾಕೆ ಬರಲ್ಲ. ಶ್ರೀಮಂತ ಹುಡುಗರಿಗೆ ಏಟು ಬೀಳುವುದಿಲ್ಲ, ನನಗೆ ಯಾಕೆ ಬೀಳುತ್ತದೆ.

ಈ ಭಾಗ ಓದುವಾಗ ನಾನು ಪುಸ್ತಕ ಮಗುಚಿಟ್ಟು ಹೊರಗೆ ಹೋಗಿ ಚಹಾ ಕುಡಿದು ಬಂದೆ.

ನನ್ನ ವಿಷಯದಲ್ಲಿ ಅದು ಒಂದು ಗಣಿತದ ಕ್ಲಾಸಿನಲ್ಲಿ ಆಯಿತು. ದೀಪಾವಳಿ ರಜೆ ಮುಗಿಸಿ ಬಂದಿದ್ದೆ, ಟೆಸ್ಟಿನಲ್ಲಿ ಐವತ್ತಕ್ಕೆ ಇಪ್ಪತ್ತೊಂಬತ್ತು ಬಂದಿತ್ತು. ಸರ್ ಸಿಟ್ಟಾಗಲಿಲ್ಲ. ಹೊಡೆಯಲೂ ಇಲ್ಲ. ಉತ್ತರ ಪತ್ರಿಕೆಯನ್ನು ನಿಧಾನ ಮಡಚಿ ನನ್ನ ಅಂಗಿಯ ಜೇಬಿನಲ್ಲಿ ಇಟ್ಟರು. ಎಲ್ಲರಿಗೂ ಕೇಳುವಂತೆ, ಆದರೆ ಗಟ್ಟಿಯಾಗಿ ಅಲ್ಲ, ಹೇಳಿದರು: "ನಿಮ್ಮಪ್ಪ ಅರ್ಧಾ ಫೀಸು ಕೊಡ್ತಾನ. ಉಳಿದ ಅರ್ಧಾ ನಿನ್ನ ತಲಿ ಕೊಡಬೇಕು. ತಿಳೀತಿಲ್ಲೋ?" ನಾನು ತಲೆ ಆಡಿಸಿದೆ. ಆ ತಲೆಯನ್ನೇ. ಅವತ್ತು ರಾತ್ರಿ ಊಟದಲ್ಲಿ ಎರಡನೇ ರೊಟ್ಟಿ ಕೇಳಲು ನಾಚಿಕೆಯಾಯಿತು. ಅಡತಿ ವ್ಯಾಪಾರಿಯ ಮಗ ಒಬ್ಬ ನನ್ನ ಪಕ್ಕ ಕೂತು ನಾಲ್ಕನೆಯದನ್ನು ಹಿಂಡಿ ಹಚ್ಚಿಕೊಂಡು ತಿನ್ನುತ್ತಿದ್ದ. ಅವನು ಪೂರ್ತಿ ಫೀಸಿನವ, ತಿನ್ನಬಹುದು ಅಂತ ನನಗೆ ನಾನೇ ಹೇಳಿಕೊಂಡದ್ದು ಇವತ್ತಿಗೂ ನೆನಪಿದೆ. ಅದುವರೆಗೂ ಅವನ ಫೀಸು ಎಷ್ಟು ಅಂತ ನಾನು ಯೋಚಿಸಿಯೇ ಇರಲಿಲ್ಲ.

ಇದನ್ನು ಅಪ್ಪನಿಗೆ ಬರೆಯಬಹುದಿತ್ತಲ್ಲ ಅನ್ನಬಹುದು ನೀವು. ಪ್ರತಿ ಭಾನುವಾರ ಕಾರ್ಡು ಬರೆಯುತ್ತಿದ್ದೆವು. ಬರೆಯಬೇಕಾದ್ದನ್ನು ಸರ್ ಬೋರ್ಡಿನ ಮೇಲೆ ಬರೆದುಕೊಡುತ್ತಿದ್ದರು. 'ನಾನು ಕ್ಷೇಮ. ಓದು ಚೆನ್ನಾಗಿ ನಡೆದಿದೆ. ಮಳೆ ಬೆಳೆ ಹೇಗಿದೆ?' ಮಳೆ ಬೆಳೆ ಅನ್ನುವಲ್ಲಿಗೆ ವ್ಯಾಪಾರಿಯ ಮಗ ಪ್ರತಿ ಸಲ ನಗುತ್ತಿದ್ದ. ಬ್ಲೇರ್ ತಾಯಿಗೆ ಬರೆದ ಕಾಗದಗಳೂ ಉಳಿದಿವೆ. ಅವುಗಳಲ್ಲಿ ಕ್ಲಾಸಿನಲ್ಲಿ ಎಷ್ಟನೆಯವ, ಫುಟ್‌ಬಾಲ್ ಹೇಗಾಯಿತು, ಸ್ಟ್ಯಾಂಪಿನ ಆಲ್ಬಂ ಕಳಿಸು. ಎಲ್ಲ ಖುಷಿ ಖುಷಿ. ಇದನ್ನೇ ಹಿಡಿದುಕೊಂಡು ಕೆಲವರು ನೋಡಿ, ಆರ್ವೆಲ್ ಸುಳ್ಳು ಹೇಳಿದ್ದಾನೆ ಅನ್ನುತ್ತಾರೆ. ಅವರು ಹಾಸ್ಟೆಲ್ಲಿನಿಂದ ಕಾರ್ಡು ಬರೆದವರಲ್ಲ.

ಇನ್ನೊಂದು ಕಡೆಯವರು

ಹಾಗಂತ ಆರ್ವೆಲ್ ಹೇಳಿದ್ದೆಲ್ಲ ಸರಿ ಅಂತಲೂ ನಾನು ಹೇಳಲಾರೆ. ಅವನು ಅದನ್ನು ಬರೆದಾಗ ನಲವತ್ತು ದಾಟಿತ್ತು, ಬರ್ಮಾದ ಪೊಲೀಸ್ ಕೆಲಸ, ಸ್ಪೇನಿನ ಯುದ್ಧ ಎಲ್ಲ ಮುಗಿದಿದ್ದವು. ಎಂಟು ವರ್ಷದ ಹುಡುಗನ ಬಾಯಲ್ಲಿ ನಲವತ್ತರ ಮಾತು ಕೆಲವು ಕಡೆ ಕೇಳಿಸುತ್ತದೆ. ಅವನ ಬಾಲ್ಯದ ಗೆಳತಿ ಜಸಿಂತಾ ಬಡಿಕಮ್, ರಜೆಯಲ್ಲಿ ಅವನ ಜೊತೆ ಆಡಿದವಳು, ಆ ಹುಡುಗ ಹಾಗೆಲ್ಲ ದುಃಖದಲ್ಲಿ ಇರಲೇ ಇಲ್ಲ ಅಂತ ವಾದಿಸಿದಳು. ಅಲ್ಲೇ ಓದಿದ ಗಾಲ್ಫ್ ಬರಹಗಾರ ಹೆನ್ರಿ ಲಾಂಗ್‌ಹರ್ಸ್ಟ್‌ಗೆ ಮಿಸೆಸ್ ವಿಲ್ಕ್ಸ್ ಮೇಲೆ ಕೊನೆಯವರೆಗೂ ಅಪಾರ ಗೌರವ. ಲೇಖಕ ಗ್ಯಾವಿನ್ ಮ್ಯಾಕ್ಸ್‌ವೆಲ್‌ಗೆ ಅಲ್ಲಿ ಉಸಿರು ಕಟ್ಟಿತು. ಫೋಟೋಗ್ರಾಫರ್ ಸೆಸಿಲ್ ಬೀಟನ್ ಕೂಡ ಅಲ್ಲಿನವನೇ. ಒಂದೇ ಮೇಡಂ, ಒಂದೇ ಗಂಜಿ, ಒಂದೇ ತಣ್ಣೀರು ಸ್ನಾನ.

ಕಾನಲಿ ಕಥೆ ನನಗೆ ಹೆಚ್ಚು ಇಷ್ಟ. ಅವನು ಶಾಲೆಯನ್ನು ಲೇವಡಿ ಮಾಡಿ ಬರೆದ, ಹೆಸರು ಮಾಡಿದ. ತಂದೆ-ತಾಯಿ ತೀರಿಕೊಂಡ ಮೇಲೆ ಅವರ ಕಾಗದ ಪತ್ರ ನೋಡುವಾಗ ಶಾಲೆಯಿಂದ ಬಂದ ವರದಿಗಳು, ಪತ್ರಗಳು ಸಿಕ್ಕವು. ಆ ಗಂಡ-ಹೆಂಡತಿ ತನ್ನ ಬಗ್ಗೆ ಎಷ್ಟು ಕಾಳಜಿಯಿಂದ ಬರೆದಿದ್ದರು ಅಂತ ಓದಿ ಅವನಿಗೆ ಪಶ್ಚಾತ್ತಾಪವಾಯಿತು.

ನಮ್ಮದೂ ಒಂದು ವಾಟ್ಸಾಪ್ ಗ್ರೂಪ್ ಇದೆ. ಸರ್ ತೀರಿಕೊಂಡ ದಿನ ಅದರಲ್ಲಿ ಇನ್ನೂರು ಮೆಸೇಜು ಬಂದವು. 'ಸರ್ ಇಲ್ಲದಿದ್ದರೆ ನಾವಿಲ್ಲ' ಅಂತ ಬರೆದವನು ಈಗ ಸೇನೆಯಲ್ಲಿ ಕರ್ನಲ್. ಅವನೂ ಬಡವರ ಮನೆಯವನೇ, ನನ್ನ ಚಾಪೆಯ ಆಚೆ ಮಲಗುತ್ತಿದ್ದವನು. ಅವನಿಗೂ ಅರ್ಧ ಫೀಸಾ ಅಂತ ಕೇಳಬೇಕು ಅಂದುಕೊಂಡೆ, ಸಾವಿನ ದಿನ ಕೇಳುವ ಪ್ರಶ್ನೆಯಲ್ಲ ಅಂತ ಬಿಟ್ಟೆ. ನಾನೂ ಕೈಮುಗಿಯುವ ಗುರುತು ಹಾಕಿದೆ. ಅದು ಸುಳ್ಳೇನೂ ಅಲ್ಲ. ಭಿನ್ನರಾಶಿ ನನಗೆ ಅರ್ಥವಾಗಿದ್ದು ಅವರಿಂದಲೇ.

ಬೆಂಕಿ, ಆಮೇಲೆ

ಬ್ಲೇರ್ ಶಾಲೆಯ ಲೆಕ್ಕ ಚುಕ್ತಾ ಮಾಡಿದ. 1916ರ ಕೊನೆಗೆ ಶಾಲೆ ಬಿಡುವ ಹೊತ್ತಿಗೆ ವೆಲ್ಲಿಂಗ್ಟನ್ ಸ್ಕಾಲರ್‌ಶಿಪ್ಪೂ ಬಂದಿತ್ತು, ಈಟನ್ ಪಟ್ಟಿಯಲ್ಲೂ ಹೆಸರಿತ್ತು. ನಡುವೆ ಮಹಾಯುದ್ಧ. ಶಾಲೆಯ ಹತ್ತಿರವೇ ಗಾಯಾಳು ಸೈನಿಕರ ದೊಡ್ಡ ಶಿಬಿರ ಎದ್ದಿತ್ತು. 1914ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಬ್ಲೇರ್ ಬರೆದ ದೇಶಭಕ್ತಿಯ ಪದ್ಯ ಅವನ ಊರ ಕಡೆಯ ಪತ್ರಿಕೆಯಲ್ಲಿ ಅಚ್ಚಾಯಿತು. ಮೇಡಂಗೆ ಹೆಮ್ಮೆಯಾಗಿರಬೇಕು, ಆ ವಾರ ಮೆಚ್ಚುಗೆಯ ಹವಾ ಚೆನ್ನಾಗಿದ್ದಿರಬೇಕು.

1939ರ ಮೇನಲ್ಲಿ ಶಾಲೆಗೆ ಬೆಂಕಿ ಬಿತ್ತು. ಹುಡುಗರೆಲ್ಲ ಉಳಿದರು, ಕೆಲಸದ ಹುಡುಗಿ ಒಬ್ಬಳು ಸತ್ತಳು. ಕೆಲವೇ ತಿಂಗಳಲ್ಲಿ ಎರಡನೇ ಮಹಾಯುದ್ಧ ಬಂತು, ಶಾಲೆ ಮತ್ತೆ ಮೇಲೇಳಲಿಲ್ಲ. ಆರ್ವೆಲ್ ಪ್ರಬಂಧವೂ ಒಂಥರಾ ಬೆಂಕಿಯೇ. ಮಾನನಷ್ಟ ಮೊಕದ್ದಮೆ ಆಗುತ್ತದೆ ಅಂತ ಅವನಿಗೇ ಗೊತ್ತಿತ್ತು. 1950ರಲ್ಲಿ ಅವನು ತೀರಿಕೊಂಡ. 1952ರಲ್ಲಿ ಅಮೆರಿಕದ ಪತ್ರಿಕೆಯೊಂದು ಶಾಲೆಯ ಹೆಸರು ಬದಲಿಸಿ ಅದನ್ನು ಅಚ್ಚು ಮಾಡಿತು. ಇಂಗ್ಲೆಂಡಿನಲ್ಲಿ ಮಾತ್ರ ಅದು 1968ರವರೆಗೆ ಬರಲಿಲ್ಲ. ಮಿಸೆಸ್ ವಿಲ್ಕ್ಸ್ 1967ರವರೆಗೆ ಬದುಕಿದ್ದಳು. ತನ್ನ ಬಳಿ ಓದಿದ ಹುಡುಗ ಸತ್ತು ಹದಿನೇಳು ವರ್ಷದ ಮೇಲೂ ಅವನ ಬಾಯಿ ಮುಚ್ಚಿಸಿದಳು ಅನ್ನಬೇಕು. ಜಬರ್ದಸ್ತ್ ಮೇಡಂ.

ನನ್ನ ತಲೆ ಸಾಲ ತೀರಿಸಿತೋ ಇಲ್ಲವೋ ಹೇಳುವುದು ಕಷ್ಟ. ಸೈನಿಕ ಶಾಲೆಯ ಲಿಖಿತ ಪರೀಕ್ಷೆ ಪಾಸಾದೆ. ಸರ್ ಫೋಟೋ ಹೊಡೆಸಿದರು, ನಸುಗೆಂಪು ಪಾಂಪ್ಲೆಟ್ಟಿನಲ್ಲಿ ಮೇಲಿನ ಸಾಲಿನಲ್ಲಿ ಮೂರನೆಯವನು ನಾನು. ಆಮೇಲೆ ಮೆಡಿಕಲ್. ಬಣ್ಣದ ಚುಕ್ಕಿಗಳ ಪುಸ್ತಕ ತೆರೆದು ಇಲ್ಲಿ ಯಾವ ಅಂಕಿ ಇದೆ ಅಂತ ಡಾಕ್ಟರು ಕೇಳಿದರು. ನನಗೆ ಯಾವ ಅಂಕಿಯೂ ಕಾಣಲಿಲ್ಲ. ಕೆಂಪು-ಹಸಿರು ನನಗೆ ಸರಿಯಾಗಿ ಕಾಣುವುದಿಲ್ಲ ಅಂತ ನನಗೂ, ಮನೆಯವರಿಗೂ ಗೊತ್ತಾಗಿದ್ದು ಅವತ್ತೇ. ಊರಿಗೆ ವಾಪಸ್ ಬಂದು ಸರ್ಕಾರಿ ಶಾಲೆ ಸೇರಿದೆ. ಪಾಂಪ್ಲೆಟ್ಟಿನಲ್ಲಿ ಮಾತ್ರ ಇನ್ನೂ ಮೂರು ವರ್ಷ ನಾನು ಮೂರನೆಯವನಾಗಿಯೇ ಇದ್ದೆ. ಎಂಟನೇ ಕ್ಲಾಸಿನಲ್ಲಿದ್ದಾಗ ಸಂತೆಯಲ್ಲಿ ಒಬ್ಬಾತ ಅದೇ ಕಾಗದದಲ್ಲಿ ಮಿರ್ಚಿ ಕಟ್ಟಿಕೊಟ್ಟ. ಎಣ್ಣೆ ಹತ್ತಿ ನನ್ನ ಮುಖದ ಆಚೆ ಬದಿಯ ಅಕ್ಷರಗಳು ಈಚೆ ಕಾಣುತ್ತಿದ್ದವು.

ಫ್ಲೆಕ್ಸ್ ನೋಡಿದ ಆ ದಿನ ಊರಿಗೆ ಹೋದವನು, ಕಾನಲಿ ನೆನಪಾಗಿ, ಅಪ್ಪನ ಟ್ರಂಕು ತೆಗೆದೆ. ಅಪ್ಪ ಹೋಗಿ ಆರು ವರ್ಷ. ಪಹಣಿ, ಸೊಸೈಟಿ ಸಾಲದ ಪಾಸ್‌ಬುಕ್, ಎಲ್‌ಐಸಿ ಕಾಗದ. ಸರ್ ಬರೆದ ಪತ್ರ ಒಂದೂ ಇರಲಿಲ್ಲ. ಒಂದು ರಸೀದಿ ಇತ್ತು. ಫೀಸು 300, ರಿಯಾಯಿತಿ 150, ನಗದು 150. ಅದರ ಕೆಳಗೆ ಪೆನ್ಸಿಲ್‌ನಲ್ಲಿ, ಅದೇ ಅಕ್ಷರ, 'ಜ್ವಾಳ 2 ಚೀಲ ಜಮಾ'.

ಅವ್ವನಿಗೆ ಓದಿ ಹೇಳಿದೆ. ಅವಳು ಅಂಗಳದಲ್ಲಿ ಶೇಂಗಾ ಹಸನು ಮಾಡುತ್ತಿದ್ದಳು. "ಹೌದಲ್ಲೋ. ಮಾಲದಂಡಿ ಜ್ವಾಳ. ನಿಮ್ಮಪ್ಪ ಬಂಡಿ ಹೂಡಕೊಂಡು ಹೋಗಿ ಹಾಕಿ ಬಂದಿದ್ದ. ಮತ್ತ ನೀ ಅಲ್ಲೆ ತಿಂದ ರೊಟ್ಟಿ ಯಾರದು ಅಂತ ಮಾಡಿದ್ದಿ?" ಅಂದಳು. ಮೊರ ಒಂದು ಸಲ ಕೇರಿ, ಹೊಟ್ಟು ಊದಿ, ಮತ್ತೆ ಅಂದಳು: "ಎರಡೂ ಚೀಲ ಹೊಸಾವು. ಖಾಲಿ ಚೀಲ ಹೊಳ್ಳಿ ಕೊಡಲೇ ಇಲ್ಲ ನೋಡು ಆಂವ."